ಕಾಲಂಗುಲ ಕಮ್ಮಿಯಾದ ಪೆಟ್ಟಿಗೆ

ಶಾಲೆಗಳೆಲ್ಲ ಬಾಗಿಲು ಹಾಕಿಕೊಂಡು, ಮೇಷ್ಟರುಗಳು ಮೊಬೈಲಿನೊಳಗೆ ಕೂತು ಪಾಠ ಹೇಳುತ್ತಿದ್ದ ಆ ದಿನಗಳನ್ನು ನನ್ನ ವಯಸ್ಸಿನವರು ಯಾರೂ ಮರೆತಿರಲಾರರು. ದೊಡ್ಡವರೆಲ್ಲ ಹೆದರಿ ಕೂತಿದ್ದಾಗ ನಮಗೆ ಮಾತ್ರ ಮುಗಿಯದ ರಜೆ ಸಿಕ್ಕಂತಾಗಿತ್ತು. ಹಾಗೆ ಅಂದುಕೊಂಡಿದ್ದಕ್ಕೂ ಈಗ ನಾಚಿಕೆಯಾಗುತ್ತದೆ. ಆದರೆ ನಾನಿಲ್ಲಿ ಬರೆಯಹೊರಟಿರುವ ನಾಚಿಕೆ ಅದಕ್ಕಿಂತ ದೊಡ್ಡದು.

ನಾನಾಗ ಎಂಟನೇ ಕ್ಲಾಸು. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಬಾಗಿಲು ತೆಗೆದರೆ ರೇಷ್ಮೆಗೂಡು ಬೇಯಿಸುವ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಹೊರಗಿನಿಂದ ಬಂದ ನೆಂಟರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಮಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಚಳಿಗಾಲ ಬಂದರೆ ಅವರೆಕಾಯಿಯ ಸೊಗಡು ಅದರ ಮೇಲೆ ಸವಾರಿ ಮಾಡುತ್ತಿತ್ತು. ಮಧ್ಯಾಹ್ನವೆಲ್ಲ ಅಮ್ಮ, ನಾನು, ತಂಗಿ ಸೇರಿ ನೆನೆಸಿದ ಅವರೆಕಾಳು ಹಿತುಕುತ್ತಾ ಕೂರುತ್ತಿದ್ದೆವು. ಹಿತುಕುವಾಗ ಬೇಳೆ ಪುಸಕ್ಕನೆ ಹಾರಿ ತಂಗಿಯ ಮುಖಕ್ಕೆ ಬಡಿಯುವಂತೆ ಗುರಿಯಿಡುವುದೇ ನಮ್ಮ ಆಟ. ಅದರ ನಡುವೆಯೇ ಮೊಬೈಲಿನಲ್ಲಿ ಗಣಿತದ ಕ್ಲಾಸು ಓಡುತ್ತಿತ್ತು.

ಮನೆಯಲ್ಲಿದ್ದುದು ಒಂದೇ ಮೊಬೈಲು, ಓದುವವರು ಇಬ್ಬರು. ಈ ಪಾಡು ನೋಡಿ ಗೌರಿಬಿದನೂರಿನಲ್ಲಿದ್ದ ಸೋಮಣ್ಣ ಮಾವನಿಗೆ ಕರುಳು ಚುರುಕ್ ಎಂದಿತು. ಮಾವ ಅಮ್ಮನ ತಮ್ಮ, ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಎಲೆಕ್ಟ್ರಿಕಲ್ ಕೆಲಸ. ಕಂಪ್ಯೂಟರ್ ಬಿಚ್ಚಿ ಜೋಡಿಸುವುದು ಅವನ ಹುಚ್ಚು. ತನ್ನ ಹತ್ತಿರ ಉಳಿದಿದ್ದ ಚಿಕ್ಕ ಮದರ್‌ಬೋರ್ಡು, ಪ್ರೊಸೆಸರ್, ಪುಟ್ಟ ಪವರ್ ಸಪ್ಲೈ, ಎಲ್ಲವನ್ನೂ ಹಳೇ ಪಂಚೆಯಲ್ಲಿ ಸುತ್ತಿ, ಶಿಡ್ಲಘಟ್ಟಕ್ಕೆ ಬರುತ್ತಿದ್ದ ಪರಿಚಯದ ಡ್ರೈವರ್ ಕೈಲಿ ಕಳಿಸಿದ. ಪರದೆಯೂ ಬಂತು. ಬರದೆ ಇದ್ದದ್ದು ಇವನ್ನೆಲ್ಲ ಕೂರಿಸುವ ಡಬ್ಬ ಮಾತ್ರ.

ನಮ್ಮದು ಬಾಡಿಗೆ ಮನೆ, ಮೇಜಿಗೆ ಜಾಗವಿಲ್ಲ. ನಡುಮನೆಯ ಗೋಡೆಯಲ್ಲಿ ಹಿಂದಿನವರು ದೀಪ ಇಡಲು ಬಿಟ್ಟ ಒಂದು ಮಾಡ ಇತ್ತು. ಕಂಪ್ಯೂಟರ್ ಅದರೊಳಗೇ ಕೂರಬೇಕು. ಅಂದರೆ ದೊಡ್ಡದೊಂದು ರಾಗಿ ಹಿಟ್ಟಿನ ಡಬ್ಬಕ್ಕಿಂತ ದೊಡ್ಡದಾಗಿರಬಾರದು. ಅಷ್ಟು ಚಿಕ್ಕ ಡಬ್ಬ ಅಂಗಡಿಯಲ್ಲಿ ಸಿಗುವುದಿಲ್ಲ, ಮಾಡಿಸಿಕೊಳ್ಳಬೇಕು ಎಂದ ಮಾವ. ನನಗೆ ಅದೇ ಬೇಕಿತ್ತು. ಜಗತ್ತಿನ ಯಾವ್ಯಾವುದೋ ಊರಿನ ಹುಡುಗರು ಅಂಗೈಯಗಲದ ಪೆಟ್ಟಿಗೆಗಳಲ್ಲಿ ಕಂಪ್ಯೂಟರ್ ಕೂರಿಸುವ ವಿಡಿಯೋಗಳನ್ನು ನೋಡಿ ನೋಡಿ, ನಾನೂ ಅವರ ಜಾತಿಗೆ ಸೇರಿದವಳು ಎಂಬ ಜಂಬ ಆಗಲೇ ತಲೆಗೇರಿತ್ತು.

ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ಕತ್ತರಿಸಿ ಒಂದೊಂದು ಸಾಮಾನಿನ ಅಳತೆಗೂ ಒಂದೊಂದು ತುಂಡು ಮಾಡಿಕೊಂಡೆ. ಬೋರ್ಡು ನೂರ ಎಪ್ಪತ್ತು ಮಿಲಿಮೀಟರ್ ಚೌಕ. ಅದರ ಪಕ್ಕಕ್ಕೆ ಪವರ್ ಸಪ್ಲೈ, ಅರವತ್ತನಾಲ್ಕು. ನಡುವೆ ವೈರು ಹಾಯಲು ಆರು ಮಿಲಿಮೀಟರ್ ಸಂದು. ಒಳಗಿನ ಅಗಲ ಒಟ್ಟು ಇನ್ನೂರ ನಲವತ್ತು. ರಟ್ಟುಗಳನ್ನು ಚಾಪೆಯ ಮೇಲೆ ಹಾಸಿ, ತೆಗೆದು, ಮತ್ತೆ ಹಾಸಿ, ಒಂದು ವಾರ ಅದೇ ಆಟ. ಕೊನೆಗೆ ಗ್ರಾಫ್ ಹಾಳೆಯ ಮೇಲೆ ಚಿತ್ರ ಬರೆದು, ಕೆಳಗೆ ದೊಡ್ಡದಾಗಿ ನನ್ನ ಹೆಸರು, ಮೇಘಾ ಎಂದು ಸಹಿ ಹಾಕಿ, ಅಪ್ಪನ ಜೊತೆ ವೆಂಕಟಾಚಾರ್ರ ಶೆಡ್ಡಿಗೆ ಹೋದೆ.

ವೆಂಕಟಾಚಾರ್ರು ನಮ್ಮ ಬೀದಿಯ ತುದಿಯಲ್ಲಿದ್ದ ಬಡಗಿ. ಆಗಲೇ ಅರವತ್ತು ದಾಟಿತ್ತು. ರೇಷ್ಮೆ ನೂಲು ತೆಗೆಯುವ ರೀಲಿಂಗ್ ಮನೆಗಳ ರಾಟೆ ರಿಪೇರಿಯಿಂದ ದೇವರ ಮಂಟಪದ ತನಕ ಎಲ್ಲ ಕೆಲಸ ಮಾಡುತ್ತಿದ್ದರು, ಆದರೆ ಹೆಸರು ಬಂದಿದ್ದು ಮನೆಯ ಹೆಬ್ಬಾಗಿಲುಗಳಿಗೆ. ನಮ್ಮ ಅಪ್ಪ ಹೈಸ್ಕೂಲಿನ ಗುಮಾಸ್ತರು; ಚಿಂತಾಮಣಿ ರಸ್ತೆಯಲ್ಲಿ ಹೇಗೋ ಒಂದು ಸೈಟು ಮಾಡಿ ಆಗಷ್ಟೇ ಪಾಯ ಎಬ್ಬಿಸಿದ್ದರು. ಆ ಮನೆಯ ಹೆಬ್ಬಾಗಿಲು ಆಚಾರ್ರದೇ ಎಂದು ಮಾತಾಗಿತ್ತು. ವಿದುರಾಶ್ವತ್ಥದ ಕಡೆಯ ತೋಟದಿಂದ ತಂದ ತೇಗದ ಹಲಗೆಗಳನ್ನು ಅವರು ನಮಗಾಗಿಯೇ ಗೋಡೆಗೆ ಒರಗಿಸಿ ಆರಲು ಬಿಟ್ಟಿದ್ದರು. ಹೋದಾಗಲೆಲ್ಲ ಅವನ್ನು ತಟ್ಟಿ ತೋರಿಸುತ್ತಿದ್ದರು.

"ಇದೇ ನಿಮ್ಮನೆ ಬಾಗ್ಲು ನೋಡಮ್ಮಣ್ಣಿ. ನೀನು ಮದುವೆ ಆಗಿ ಹೋಗೋವಾಗ ಇದನ್ನ ದಾಟೇ ಹೋಗ್ಬೇಕು," ಎನ್ನುತ್ತಿದ್ದರು. ನಾನು ಮುಖ ಊದಿಸಿಕೊಂಡರೆ ಇನ್ನೂ ನಗುತ್ತಿದ್ದರು.

ನನ್ನ ಗ್ರಾಫ್ ಹಾಳೆಯನ್ನು ಅವರು ಜಾತಕ ನೋಡಿದ ಹಾಗೆ ನೋಡಿದರು. ಕನ್ನಡಕ ಏರಿಸಿ, ಇಳಿಸಿ, ಹಾಳೆಯನ್ನು ಬೆಳಕಿಗೆ ಹಿಡಿದರು.

"ಏಮಮ್ಮಾ, ಈ ಪೆಟ್ಗೆ ಒಳಗೆ ಏನಿಡ್ತೀಯ?"

"ಕಂಪ್ಯೂಟರ್ ತಾತ. ನಂದೇ."

"ಓದಕ್ಕಾ?"

"ಹೂಂ, ಓದಕ್ಕೆ."

"ಹಂಗಾದ್ರೆ ಸರಸ್ವತಿ ಪೆಟ್ಗೆ ಅನ್ನು. ನಿಮ್ಮ ಬಾಗ್ಲಿನ ಮರದಲ್ಲೇ ತುದಿ ತುಂಡು ಉಳೀತದೆ, ಅದ್ರಲ್ಲೇ ಮಾಡ್ಕೊಡ್ತೀನಿ ಬಿಡು."

ಎರಡು ವಾರ ಬೇಕೆಂದರು. ಆ ಎರಡು ವಾರದಲ್ಲೇ ನಾನು ಮಾಡಬಾರದ್ದನ್ನು ಮಾಡಿದ್ದು.

ಮಾವ ಫೋನಿನಲ್ಲಿ ನೂರು ಸಲ ಹೇಳಿದ್ದ. "ಮಿಕ್ಕಿದ್ದೇನಾದ್ರೂ ಮಾಡ್ಕೋ, ಪ್ರೊಸೆಸರ್ ಮಾತ್ರ ಮುಟ್ಬೇಡ ಕಣೇ. ಅದು ನಾನು ಬಂದು ಹಾಕ್ತೀನಿ." ಅವನಿಗೆ ರಜೆ ಸಿಕ್ಕುವುದು ಪೆಟ್ಟಿಗೆ ಸಿದ್ಧವಾದ ಮೇಲಿನ ಭಾನುವಾರಕ್ಕೆ. ನನಗೆಲ್ಲಿಯ ತಾಳ್ಮೆ! ಒಂದು ಮಧ್ಯಾಹ್ನ ಅಮ್ಮ, ತಂಗಿ ಅವರೆಕಾಯಿ ತರಲು ಸಂತೆಗೆ ಹೋಗಿದ್ದಾಗ ಪಂಚೆ ಬಿಚ್ಚಿದೆ. ಪ್ರೊಸೆಸರ್ ಅಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಬಿಲ್ಲೆ. ಅದರ ಹೊಟ್ಟೆಯ ತುಂಬ ಬಾಚಣಿಗೆ ಹಲ್ಲಿಗಿಂತ ಸಣ್ಣ ಚಿನ್ನದ ಬಣ್ಣದ ಪಿನ್ನುಗಳು, ಸಾವಿರಕ್ಕೂ ಹೆಚ್ಚು. ಮೂಲೆಯ ಗುರುತು ನೋಡಿ, ಒಂದಿಷ್ಟೂ ಒತ್ತದೆ, ಬೋರ್ಡಿನ ತೂತುಗಳ ಮೇಲೆ ಸುಮ್ಮನೆ ಇಟ್ಟರೆ ತಾನೇ ಕೂರುತ್ತದೆ. ಇದೆಲ್ಲ ವಿಡಿಯೋದಲ್ಲಿ ನೋಡಿ ಬಾಯಿಪಾಠವಾಗಿತ್ತು. ಆದರೂ ಆ ಗಳಿಗೆಯಲ್ಲಿ ಗುರುತನ್ನು ಉಲ್ಟಾ ಹಿಡಿದೆ. ಕೂರಲಿಲ್ಲ. ಹೆಬ್ಬೆರಳಿನಿಂದ ಒತ್ತಿದೆ.

ತೆಗೆದು ನೋಡಿದಾಗ ಮೂಲೆಯ ನಾಲ್ಕು ಪಿನ್ನುಗಳು ಮಲಗಿದ್ದವು. ಅಮ್ಮನ ಸೂಜಿ ತಂದು ಒಂದೊಂದನ್ನೇ ಎಬ್ಬಿಸಿದೆ. ಮೂರು ಎದ್ದು ನಿಂತವು. ನಾಲ್ಕನೆಯದು ಪುಟುಕ್ಕನೆ ಮುರಿದು ಚಾಪೆಯ ಮೇಲೆ ಬಿತ್ತು. ಸಾವಿರದಲ್ಲಿ ಒಂದು ತಾನೇ, ನಡೆದೀತು ಎಂದು ನನಗೆ ನಾನೇ ಹೇಳಿಕೊಂಡೆ. ಪ್ರೊಸೆಸರನ್ನು ಸರಿಯಾಗಿ ತಿರುಗಿಸಿ ಕೂರಿಸಿ, ಮೇಲೆ ಫ್ಯಾನು ಬಿಗಿದು, ಚಾಪೆಯನ್ನು ಗುಡಿಸಿಬಿಟ್ಟೆ. ಸಂಜೆ ಅಮ್ಮ ಮಾಡಿದ ಹಿತಕಬೇಳೆ ಸಾರಿನಲ್ಲೇ ಮುದ್ದೆಯನ್ನು ಅರ್ಧಕ್ಕೆ ಬಿಟ್ಟು ಎದ್ದೆ. ಹೊಟ್ಟೆನೋವು ಎಂದೆ.

ಪೆಟ್ಟಿಗೆ ಬಂತು. ಅಂಥ ಪೆಟ್ಟಿಗೆಯನ್ನು ನಾನು ಯಾವ ವಿಡಿಯೋದಲ್ಲೂ ಕಂಡಿರಲಿಲ್ಲ. ಒಂದು ಮೊಳೆಯಿಲ್ಲದೆ ಮೂಲೆಗಳು ಬೆರಳಿಗೆ ಬೆರಳು ಹೆಣೆದ ಹಾಗೆ ಕೂಡಿಕೊಂಡಿದ್ದವು. ಗಾಳಿಯಾಡಲು ಎರಡು ಪಕ್ಕಕ್ಕೂ ಸಾಲು ಸಾಲು ತೂತು, ಮುಚ್ಚಳಕ್ಕೆ ಹಿತ್ತಾಳೆಯ ಪುಟ್ಟ ಹಿಡಿ. ಮುಚ್ಚಳ ತೆಗೆದರೆ ತೇಗದ ಹಸಿ ವಾಸನೆ. ಅಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟಳು.

ಭಾನುವಾರ ಮಾವ ಬಂದ. ಬಂದವನೇ ಬೋರ್ಡು ನೋಡಿ ಹುಬ್ಬೇರಿಸಿದ.

"ಪ್ರೊಸೆಸರ್ ನೀನೇ ಹಾಕ್ಬಿಟ್ಯಾ?"

"ಹೂಂ ಮಾವ."

"ಸರಿಯಾಗಿ ಕೂತ್ಕೊಳ್ತಾ?"

ನಾನು ಆಗಲೇ ಹೇಳಬೇಕಿತ್ತು. ಬೈಸಿಕೊಂಡು, ಅತ್ತು, ಅಲ್ಲಿಗೇ ಮುಗಿಯುತ್ತಿತ್ತು. "ಸಲೀಸಾಗಿ ಕೂತ್ಕೊಳ್ತು," ಎಂದೆ.

"ನೋಡಕ್ಕಾ, ಪರವಾಗಿಲ್ವೇ ನಿನ್ ಮಗಳು!" ಎಂದು ಮಾವ ಅಮ್ಮನಿಗೆ ಕೂಗಿ ಹೇಳಿ, ನನ್ನ ಬೆನ್ನಿಗೊಂದು ಗುದ್ದಿದ. ಆ ಹೊಗಳಿಕೆ ಕೇಳಿದ ಮೇಲೆ ನಿಜ ಹೇಳುವ ಧೈರ್ಯ ಪೂರ್ತಿ ಹೋಯಿತು.

ಜೋಡಿಸಲು ಕೂತೆವು. ಬೋರ್ಡು ತನ್ನ ಜಾಗದಲ್ಲಿ ಕೂತಿತು. ಪಕ್ಕದಲ್ಲಿ ಪವರ್ ಸಪ್ಲೈ ಇಳಿಸಲು ಹೋದರೆ ಇಳಿಯಲೊಲ್ಲದು. ಮಾವ ಟೇಪು ಹಿಡಿದು ನೋಡಿದ. ಒಳ ಅಗಲ ಇನ್ನೂರ ಮೂವತ್ತನಾಲ್ಕಕ್ಕೆ ನಿಂತಿತು. ನಾನು ಬಿಟ್ಟಿದ್ದ ಸಂದೇ ಮಾಯವಾಗಿತ್ತು. ಅಪ್ಪ ನನ್ನನ್ನು ಕಳಿಸಿ ಆಚಾರ್ರನ್ನು ಕರೆಸಿದರು.

ಆಚಾರ್ರು ಬಂದು ಹೊಸಿಲ ಆಚೆಯೇ ನಿಂತು, ನಗುತ್ತಲೇ ಹೇಳಿದರು. "ಅದಾ ಸಾಮಿ? ಬೇಕಂತಲೇ ಕಾಲಂಗುಲ ತೆಗ್ದೆ. ಅಮ್ಮಣ್ಣಿ ಕೊಟ್ಟ ಅಳತೆ ಗುಣಿಸಿ ಎಂಟಕ್ಕೆ ಭಾಗಿಸ್ದೆ, ಶ್ವಾನಾಯಕ್ಕೆ ಬಿತ್ತು. ಓದೋ ಮಗೀನ ಪೆಟ್ಗೆ, ನಾಯಿ ಆಯದಲ್ಲಿ ಹೆಂಗೆ ಮಾಡ್ಲಿ? ಕಾಲಂಗುಲ ಕಮ್ಮಿ ಮಾಡಿದ್ರೆ ವೃಷಭಾಯ ಬಂತು. ಹಂಗೇ ಮಾಡ್ದೆ."

ಬಾಗಿಲಿಗೆ, ಮಂಚಕ್ಕೆ, ಮಂಟಪಕ್ಕೆ ಹಾಗೆ ಭಾಗಿಸಿ ಉಳಿದ ಶೇಷದಿಂದ ಶುಭವೋ ಅಶುಭವೋ ಎಂದು ಆಯ ನೋಡಿ ಅಳತೆಯನ್ನು ಚೂರು ಹಿಗ್ಗಿಸುವುದು, ಕುಗ್ಗಿಸುವುದು ಅವರ ಅಪ್ಪ, ತಾತಂದಿರ ಕಾಲದಿಂದ ಬಂದ ಪದ್ಧತಿ. ಅವರು ಅದನ್ನು ನನ್ನ ಮೇಲಿನ ಪ್ರೀತಿಯಿಂದ ಮಾಡಿದ್ದರು. ಅಪ್ಪನೂ ಆ ಹೊತ್ತಿಗೆ ನಕ್ಕರು. ಮಾವ, "ಇರ್ಲಿ ಬಿಡಿ, ಹೆಂಗೋ ಕೂರಿಸ್ತೀನಿ," ಎಂದ. ವೈರನ್ನು ಮೇಲಿಂದ ಬಳಸಿ, ಪವರ್ ಸಪ್ಲೈಯನ್ನು ಓರೆ ಮಾಡಿ, ಅಂಗೈಯಿಂದ ಒತ್ತಿ ಒತ್ತಿ ಕೊನೆಗೂ ಇಳಿಸಿದ. ಆಚಾರ್ರು ಕಾಫಿ ಕುಡಿದು, ಪರದೆ ಉರಿಯುವುದನ್ನು ಆಮೇಲೆ ಬಂದು ನೋಡುತ್ತೇನೆಂದು ಹೇಳಿ ಹೋದರು.

ಸ್ವಿಚ್ಚು ಒತ್ತಿದರೆ ಫ್ಯಾನು ತಿರುಗಿತು. ಪರದೆ ಕಪ್ಪಗೇ ಉಳಿಯಿತು. ಆರಿಸಿ, ಹಚ್ಚಿ, ಮತ್ತೆ ಆರಿಸಿ ನೋಡಿದ ಮಾವ. ಯಾಕೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೆ ಗೊತ್ತಿತ್ತು. ಮಾವ ಬೋರ್ಡನ್ನು ಹೊರತೆಗೆದು ತಿರುಗಿಸಿದಾಗ ಅಂಚಿನಲ್ಲಿ ಪವರ್ ಸಪ್ಲೈ ಉಜ್ಜಿದ ಗೀರು ಕಾಣಿಸಿತು.

"ಇಲ್ಲಿ ನೋಡಿ ಭಾವ. ಟೈಟಾಗಿ ಒತ್ತಿ ಬೋರ್ಡ್ ಒಳಗೆಲ್ಲೋ ಬಿಟ್ಕೊಂಡಿದೆ," ಎಂದ. ಅವನ ತಪ್ಪೇನಿಲ್ಲ, ಕಣ್ಣಿಗೆ ಕಂಡದ್ದು ಹೇಳಿದ.

ಅಪ್ಪನಿಗೆ ಕೋಪ ಮೂಗಿನ ತುದಿಯಲ್ಲೇ. ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಶೆಡ್ಡಿಗೆ ಹೊರಟರು. ನಾನು ಹಿಂದೆಯೇ ಓಡಿದೆ. ದಾರಿಯುದ್ದಕ್ಕೂ ಈಗ ಹೇಳುತ್ತೇನೆ, ಆ ಕಂಬ ದಾಟಿದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಶೆಡ್ಡು ಬಂದುಬಿಟ್ಟಿತು.

ಶೆಡ್ಡಿನಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಅವರೆದುರಿಗೇ ಅಪ್ಪ ಪೆಟ್ಟಿಗೆಯನ್ನು ಹಲಗೆಯ ಮೇಲೆ ಕುಕ್ಕಿದರು.

"ಮಗು ಬರ್ಕೊಟ್ಟ ಅಳತೆಗೆ ಒಂದು ಡಬ್ಬ ಮಾಡಕ್ಕಾಗ್ದೋರು ನನ್ನ ಮನೆ ಬಾಗ್ಲು ಮಾಡ್ತೀರೇನ್ರೀ? ನಿಮ್ಮ ಆಯ ನೀವೇ ಇಟ್ಕೊಳ್ಳಿ. ಬಾಗ್ಲು ನಾನು ಬೇರೆ ಕಡೆ ನೋಡ್ಕೊಳ್ತೀನಿ."

ಆಚಾರ್ರು ಕೈಲಿದ್ದ ಉಳಿಯನ್ನು ಕೆಳಗಿಟ್ಟು, ನನ್ನ ಕಡೆ ತಿರುಗಿದರು.

"ಅಮ್ಮಣ್ಣಿ, ನನ್ ಪೆಟ್ಗೆಯಿಂದ ನಿನ್ ಸಾಮಾನು ಹಾಳಾಯ್ತಾ?"

ಅವರು ಕೇಳಿದ್ದು ನನ್ನನ್ನೇ. ನಾನು ಹೌದೆಂದು ತಲೆಯಾಡಿಸಿದೆ.

ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ, ತಲೆಯಷ್ಟೇ ಆಡಿಸಿದೆ ಎಂದು ಬಹಳ ದಿನ ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಎಂಥ ಹೊಲಸು ಸಮಾಧಾನ ಅದು! ಅಪ್ಪನ ಮಾತಿಗೆ ತಲೆ ತಗ್ಗಿಸದೆ ನಿಂತಿದ್ದ ಮನುಷ್ಯ ನಾನು ತಲೆಯಾಡಿಸಿದ ಮೇಲೆ ತಗ್ಗಿಸಿದರು. "ತಪ್ಪಾಯ್ತು ಸಾಮಿ," ಎಂದರು. ಅಪ್ಪ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬಂದರು. ಮಾರನೆಯ ದಿನ ಆಚಾರ್ರ ಹೆಂಡತಿ ಅದನ್ನು ಒರೆಸಿ ತಂದು, ಮಗುವಿನದು, ಇಟ್ಟುಕೊಳ್ಳಲಿ ಎಂದು ಅಮ್ಮನ ಕೈಗೆ ಕೊಟ್ಟು ಹೋದರು.

ಹೊಸ ಮನೆಗೆ ಚಿಕ್ಕಬಳ್ಳಾಪುರದ ಅಂಗಡಿಯಿಂದ ಸಿದ್ಧ ಬಾಗಿಲು ಬಂತು. ಬಾಗಿಲು ನಿಲ್ಲಿಸುವ ಪೂಜೆಯ ದಿನ ನಮ್ಮ ಕಡೆ ಬಡಗಿಗೆ ಪಂಚೆ, ಎಲೆ ಅಡಿಕೆ ಕೊಟ್ಟು ಮರ್ಯಾದೆ ಮಾಡುತ್ತಾರೆ. ಆ ದಿನ ಅದನ್ನು ಅಂಗಡಿಯಿಂದ ಬಂದ ಯಾರೋ ಇಸಿದುಕೊಂಡರು. ನಾನು ಹೊಸ ಲಂಗ ಹಾಕಿಕೊಂಡು ಎಲ್ಲರಿಗೂ ಕೋಸಂಬರಿ ಹಂಚುತ್ತಿದ್ದೆ. ಆಚಾರ್ರು ಸೈಕಲ್ ಮೇಲೆ ಆ ರಸ್ತೆಯಲ್ಲಿ ಬಂದರು. ನಮ್ಮನ್ನು ನೋಡಿ ಇಳಿದರು. ಚಪ್ಪಲಿ ಬಿಟ್ಟು, ದೂರದಿಂದಲೇ ಆ ಬಾಗಿಲಿಗೆ ಕೈಮುಗಿದು, ಮತ್ತೆ ಸೈಕಲ್ ಹತ್ತಿ ಹೋದರು. ನನ್ನ ಕೈಲಿ ಕೋಸಂಬರಿಯ ಬೇಸಿನ್ನು ಇತ್ತು. ಓಡಿಹೋಗಿ ಅವರಿಗೊಂದು ಹಿಡಿ ಕೊಡುವ ಯೋಗ್ಯತೆಯೂ ನನಗಿರಲಿಲ್ಲ.

ಪೂಜೆ ಕಳೆದು ಹತ್ತು ದಿನಕ್ಕೆ ಮಾವನ ಫೋನು ಬಂತು. ಬೋರ್ಡು, ಪ್ರೊಸೆಸರ್ ಎರಡನ್ನೂ ಅವನು ಊರಿಗೆ ಒಯ್ದಿದ್ದ.

"ಮೇಘಾ, ಪ್ರೊಸೆಸರ್‌ದು ಒಂದು ಪಿನ್ನೇ ಇಲ್ವಲ್ಲೇ?"

ಯಾರಿಗೂ ಕೇಳಿಸದಂತೆ ನಾನು ಫೋನು ಹಿಡಿದು ಹಿತ್ತಲಿಗೆ ಹೋದೆ. ಮಾವನೇ ಮುಂದುವರಿಸಿದ.

"ಬೋರ್ಡ್ ಚೆನ್ನಾಗೇ ಐತೆ. ಬೇರೆ ಪ್ರೊಸೆಸರ್ ಹಾಕ್ದೆ, ಪರದೆ ಉರೀತು. ಹೋಗ್ಲಿ ಬಿಡು, ಬಾಗ್ಲು ಹೆಂಗೂ ಬಂದಾಯ್ತಲ್ಲ. ಭಾವಂಗೆ ಈಗ ಹೇಳಿದ್ರೆ ಸುಮ್ನೆ ರಂಪ."

ಮುಂದಿನ ಸಲ ಬಂದಾಗ ಅದೇ ಬೋರ್ಡನ್ನು, ಅದೇ ಪವರ್ ಸಪ್ಲೈಯನ್ನು ಅದೇ ತೇಗದ ಪೆಟ್ಟಿಗೆಯಲ್ಲಿ ಅದೇ ರೀತಿ ಒತ್ತಿ ಕೂರಿಸಿದ. ಉರಿಯಿತು. ಅಪ್ಪನಿಗೆ ಬೋರ್ಡು ಬದಲಾಯಿಸಿದ್ದಾಗಿ ಹೇಳಿದೆವು. ಆ ಪೆಟ್ಟಿಗೆ ನಾಲ್ಕು ವರ್ಷ ಒಂದು ದಿನ ತಕರಾರಿಲ್ಲದೆ ನಡೆಯಿತು. ನನ್ನ ಎಸ್ಸೆಸ್ಸೆಲ್ಸಿ, ಪಿಯುಸಿ ಎಲ್ಲ ಅದರ ಮುಂದೆ ಕೂತೇ ಆಯಿತು. ಮನೆಗೆ ಬಂದವರು ತಟ್ಟಿ ನೋಡಿ, ಯಾರು ಮಾಡಿದ್ದು ಎಂದು ಕೇಳಿದರೆ ಅಪ್ಪ ಮಾತು ಬದಲಾಯಿಸುತ್ತಿದ್ದರು. ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಈಗ ನಾನು ಚಿಕ್ಕಬಳ್ಳಾಪುರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಕಳೆದ ಸಂಕ್ರಾಂತಿಗೆ ಊರಿಗೆ ಹೋದಾಗ ಮೊದಲು ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಬೈಯಲಿಲ್ಲ. "ನನ್ನ ಬಾಯಲ್ಲಿ ಅವತ್ತು ಏನೇನ್ ಮಾತು ಬಂತು ಮೇಘಾ," ಎಂದಷ್ಟೇ ಅಂದು, ಶರಟು ಹಾಕಿಕೊಂಡರು. ಶೆಡ್ಡಿನ ಅರ್ಧ ದಾರಿಯಲ್ಲಿ ನಿಂತುಬಿಟ್ಟರು. ಮುಂದಕ್ಕೆ ನಾನೊಬ್ಬಳೇ ಎಳ್ಳು ಬೆಲ್ಲದ ಪೊಟ್ಟಣ ಹಿಡಿದು ಹೋದೆ.

ಶೆಡ್ಡಿನ ಅರ್ಧಭಾಗ ಯಾರದೋ ಪ್ಲೈವುಡ್ ಗೋಡೌನಾಗಿತ್ತು. ಉಳಿದರ್ಧದಲ್ಲಿ ಆಚಾರ್ರು ಕುರ್ಚಿಯ ಕಾಲು ರಿಪೇರಿ ಮಾಡುತ್ತಿದ್ದರು. ಗುರುತು ಹಿಡಿದು, ಖುಷಿಯಿಂದ ಎದ್ದರು. ಬಾಗಿಲು ಮಾಡುವುದನ್ನು ನಿಲ್ಲಿಸಿದ್ದಾರಂತೆ. ಯಾಕೆ ತಾತ ಎಂದೆ.

"ಅಳತೆ ಮೇಲೆ ನಂಬಿಕೆ ಹೋಯ್ತು ಕಣಮ್ಮ. ಒಂದಕ್ಕೆ ನಾಕು ಸಲ ಅಳೀತೀನಿ, ಆದ್ರೂ ಗರಗಸ ಇಡಕ್ಕೆ ಕೈ ಬರಲ್ಲ. ಹೆಬ್ಬಾಗ್ಲು ಅಂದ್ರೆ ಹುಡುಗಾಟನಾ? ಯಾರಾದ್ರೂ ಬಂದ್ರೆ ನಾನೇ ಹೇಳಿ ಕಳಿಸ್ತೀನಿ, ಆಯ ಸರಿ ಮಾಡಕ್ಕೋಗಿ ಒಂದು ಹೆಣ್ಮಗೀನ ಓದೋ ಸಾಮಾನು ಹಾಳ್ಮಾಡಿದೋನು ನಾನು ಅಂತ."

ಅಷ್ಟು ವರ್ಷವೂ ಅವರೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ನಾನು ನೆಲದ ಮೇಲೆ ಕೂತು, ಅವರ ಕಾಲು ಹಿಡಿದುಕೊಂಡು ಹೇಳಿದೆ. ಪಿನ್ನು, ಸೂಜಿ, ಚಾಪೆ ಗುಡಿಸಿದ್ದು, ಅದೇ ಪೆಟ್ಟಿಗೆಯಲ್ಲಿ ಅದೇ ಬೋರ್ಡು ನಾಲ್ಕು ವರ್ಷ ಓಡಿದ್ದು, ಒಂದೂ ಬಿಡದೆ ಹೇಳಿದೆ. ನಿಮ್ಮ ಅಳತೆಯಿಂದ ಏನೂ ಆಗಿಲ್ಲ ತಾತ, ಎಲ್ಲ ನನ್ನಿಂದಲೇ ಎಂದು ಅತ್ತೆ.

ಆಚಾರ್ರು ನನ್ನ ತಲೆ ಸವರಿದರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ, ಬಿಡುಗಡೆಯೂ ಇರಲಿಲ್ಲ. ಮಕ್ಕಳ ಕಥೆಗೆ ಹೂಂಗುಡುವ ತಾತಂದಿರ ನಗು ನಕ್ಕರು.

"ಮುದುಕನ ಮನಸ್ಸಿಗೆ ನೆಮ್ಮದಿ ಆಗ್ಲಿ ಅಂತ ಹೇಳ್ತಿದ್ದೀಯ. ನಂಗೆ ತಿಳಿಯಲ್ವಾ? ಅವತ್ತು ನಿನ್ನೇ ಕೇಳಿದ್ನಲ್ಲಮ್ಮ ನಾನು. ಮಕ್ಕಳು ಸುಳ್ಳು ಹೇಳ್ತಾರಾ?"

ನಾನು ಆಣೆ ಮಾಡಿದೆ. ಮಾವನಿಗೆ ಫೋನು ಮಾಡಿ ಕೊಡುತ್ತೇನೆಂದೆ. ಅವರು ಬೇಡವೆಂದು ಕೈಯಾಡಿಸಿ, ಒಳಗಿದ್ದ ಹೆಂಡತಿಯನ್ನು ಕೂಗಿದರು.

"ಏನೇ, ಇಲ್ಲಿ ಬಾ. ಗುಮಾಸ್ತರ ಮಗಳು ಬಂದೈತೆ. ನನ್ ತಪ್ಪನ್ನ ತನ್ ಮೇಲೆ ಹಾಕ್ಕೊಳಕ್ಕೆ ಬಂದೈತೆ ನೋಡು. ಎಂಥ ದೊಡ್ಡ ಮನಸ್ಸು ಈ ಮಗೀದು!"

ಎಂಟನೇ ಕ್ಲಾಸಿನ ಆ ಭಾನುವಾರ ನಿಜಕ್ಕೆ ಬೆಲೆಯಿತ್ತು. ಅವತ್ತು ನಾನು ಒಂದು ಮಾತು ಆಡಿದ್ದರೆ ಅವರು ನಂಬುತ್ತಿದ್ದರು. ಆಮೇಲೆ ನಾನು ಕಲಿತ ಭಾಷೆಯಲ್ಲೆಲ್ಲ ಹೇಳಿದರೂ ಅದು ಅವರನ್ನು ಮುಟ್ಟುವುದಿಲ್ಲ, ಯಾಕೆಂದರೆ ಅವರು ನಂಬಿಕೊಂಡಿರುವುದು ಅವತ್ತು ತಲೆಯಾಡಿಸಿದ ಆ ಹುಡುಗಿಯನ್ನು, ನನ್ನನ್ನಲ್ಲ. ಒಳಗಿನಿಂದ ಬಂದ ಅಜ್ಜಿ ಕಣ್ಣೊರೆಸಿಕೊಂಡು, ಒಳ್ಳೆಯದಾಗಲಿ ಮಗಳೇ ಎಂದು ನನ್ನ ಹಣೆಗೆ ಕುಂಕುಮ ಇಟ್ಟರು. ನಾನು ಇಡಿಸಿಕೊಂಡು ಬಂದೆ.